ಒಂಬತ್ತನೆಯ ನಡೆಗೆ ನಾಲ್ಕನೆಯ ಉತ್ತರ

ಡಾಕ್ಟರ್ ಲಬೀಬರ ಕತ್ತಿನ ಹಿಂದೆ, ಕಾಲರಿನಿಂದ ಎರಡು ಬೆರಳು ಮೇಲೆ, ಕ್ಷೌರಿಕನ ಕೈ ತಪ್ಪಿಸಿಕೊಂಡ ಕೂದಲಿನ ಸಣ್ಣದೊಂದು ತೇಪೆ ಉಳಿದಿತ್ತು. ಮನ್ಸೂರಾ ಬಿಟ್ಟಾಗಿನಿಂದ ವಗೀಹ್ ಅದನ್ನೇ ನೋಡುತ್ತ ಕುಳಿತಿದ್ದ. ಶುಕ್ರವಾರದ ಬೆಳಿಗ್ಗೆ, ರಸ್ತೆ ಖಾಲಿ, ಎಡಕ್ಕೆ ನೈಲ್ ನದಿ ಇಟ್ಟಿಗೆ ಗೂಡುಗಳ ಸಂದಿಯಲ್ಲಿ ಕಾಣಿಸಿಕೊಂಡು ಮತ್ತೆ ಮರೆಯಾಗುತ್ತಿತ್ತು. ದುಮ್ಯಾತಿನ ಪಂದ್ಯಕ್ಕೆ ಹೊರಟ ಮಿನಿಬಸ್ಸಿನಲ್ಲಿ ಮನ್ಸೂರಾ ಚದುರಂಗ ಕ್ಲಬ್ಬಿನ ಆರು ಜನ ಆಟಗಾರರು, ಡ್ರೈವರನ ಪಕ್ಕದಲ್ಲಿ ತಂಡದ ನಾಯಕ ಹಾಜಿ ಮೆತ್ವಲ್ಲಿ. ಅವರು ನಿವೃತ್ತ ಸ್ಟೇಷನ್ ಮಾಸ್ತರು. ಆಡುವುದನ್ನು ಬಿಟ್ಟು ಹತ್ತು ವರ್ಷವಾಗಿದ್ದರೂ ನಾಯಕತ್ವ ಬಿಟ್ಟಿರಲಿಲ್ಲ. ಚದುರಂಗದ ಗಡಿಯಾರಗಳ ಚೀಲವನ್ನು ಮೊಟ್ಟೆ ಬುಟ್ಟಿಯ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. ದಾರಿಯ ನಡುವಿನ ಊರು ಫಾರಸ್ಕೂರ್ ಬರುವುದರೊಳಗೆ ಹೇಳಿಬಿಡಬೇಕು ಎಂದು ವಗೀಹ್ ತನಗೆ ತಾನೇ ಗಡುವು ಹಾಕಿಕೊಂಡಿದ್ದ. ಹೇಳಬೇಕಾಗಿದ್ದದ್ದು ಒಂದೇ ಮಾತು. ಡಾಕ್ಟ್ರೇ, ಒಂಬತ್ತನೆಯ ನಡೆಯಲ್ಲಿ ತೂತಿದೆ, ಇವತ್ತು ಅದನ್ನು ಆಡಬೇಡಿ. ಅಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಯಾವಾಗ ಗೊತ್ತಾಯಿತು? ನಿನ್ನೆ ರಾತ್ರಿ ಎನ್ನಬಹುದು. ಆದರೆ ನಿನ್ನೆ ರಾತ್ರಿ ಅಲ್ಲ. ಗಾಜಿನ ನಳಿಕೆಯಲ್ಲಿ ದ್ರವ ಯಾವ ಗೆರೆಗೆ ನಿಂತಿದೆಯೋ ಅದೇ ಗೆರೆಯನ್ನು ಬರೆದುಕೊಳ್ಳುತ್ತ ಹದಿನಾರು ವರ್ಷ ಕಳೆದವನಿಗೆ ಕಂಡ ದಿನವನ್ನು ಮೂರು ದಿನ ಮುಂದಕ್ಕೆ ತಳ್ಳುವುದು ಸುಳ್ಳಿಗಿಂತ ಹೊಲಸಾದ ಕೆಲಸವಾಗಿ ಕಾಣುತ್ತಿತ್ತು. ಲಬೀಬ್ ಹಠಾತ್ತನೆ ಹಿಂದಕ್ಕೆ ತಿರುಗಿ, ಕಲ್ಲಂಗಡಿ ಬೀಜದ ಪೊಟ್ಟಣ ಚಾಚಿ, "ಏನಯ್ಯ ನೀರಿನವನೇ, ನನ್ನ ಕತ್ತು ಅಳೆಯೋಕೆ ಕೂತಿದ್ದೀಯಾ?" ಎಂದರು. ವಗೀಹ್ ನಕ್ಕ. ನಾಲ್ಕು ಬೀಜ ತೆಗೆದುಕೊಂಡ. ಉಪ್ಪು ನಾಲಿಗೆಯ ಮೇಲೆ ಕರಗುವಷ್ಟರಲ್ಲಿ ಫಾರಸ್ಕೂರಿನ ಸೇತುವೆ ಹಿಂದಕ್ಕೆ ಹೋಗಿತ್ತು.

ನೀರಿನವನು ಎಂಬ ಹೆಸರು ಝಗಾಝೀಗಿನ ಪಂದ್ಯದಲ್ಲಿ ಬಿದ್ದದ್ದು, ಆರು ತಿಂಗಳ ಹಿಂದೆ. ವಗೀಹನ ಕೆಲಸ ನಗರದ ನೀರು ಶುದ್ಧೀಕರಣ ಕೇಂದ್ರದ ಪ್ರಯೋಗಾಲಯದಲ್ಲಿ. ನೀರು ಕಾಯುವ, ಸೋಸುವ, ಬಣ್ಣ ತಿರುಗುವ ಬಿಡುವಿನಲ್ಲಿ ಅವನು ಜೇಬಿನ ಹಲಗೆ ತೆಗೆದು ಮೊದಲ ಹತ್ತು ಹನ್ನೆರಡು ನಡೆಗಳನ್ನು ಹುಡುಕುತ್ತಿದ್ದ. ಪೂರ್ತಿ ಆಟ ಅವನ ಕೈಗೆ ಹತ್ತುತ್ತಿರಲಿಲ್ಲ. ಇಪ್ಪತ್ತನೆಯ ನಡೆ ದಾಟಿದರೆ ಗಡಿಯಾರದ ಸದ್ದು ಕಿವಿಯಲ್ಲಿ ಬೆಳೆದು ಬೆರಳು ಬೆವರುತ್ತಿದ್ದವು. ಆರಂಭ ಮಾತ್ರ ಅವನದು. ಅಲ್ಲಿ ಇನ್ನೂ ಏನೂ ಆಗಿರುವುದಿಲ್ಲ, ಯಾರೂ ಸತ್ತಿರುವುದಿಲ್ಲ, ಯಾವುದನ್ನು ಮೊದಲು ಮಾಡಬೇಕು ಯಾವುದನ್ನು ಆಮೇಲೆ ಎಂಬುದಷ್ಟೇ ಪ್ರಶ್ನೆ. ಎರಡು ವರ್ಷ ಕೂತು ಅವನು ಬಿಳಿ ಕಾಯಿಗಳಿಗೆ ಒಂದು ದಾಳಿ ಕಟ್ಟಿದ್ದ. ಆನೆಯನ್ನು ಮೂಲೆಯ ಹತ್ತಿರ ಉದ್ದನೆಯ ಓರೆಗೆರೆಯ ಮೇಲೆ ಕೂರಿಸುವುದು (ಈ ದೇಶದ ಹಲಗೆಯಲ್ಲಿ ಓರೆಯಾಗಿ ನಡೆಯುವುದು ಆನೆ, ನೇರ ನಡೆಯುವುದು ಕೋಟೆ), ಐದನೆಯ ನಡೆಗೆ ಒಂದು ಕಾಲಾಳನ್ನು ಸುಮ್ಮನೆ ಕೊಟ್ಟುಬಿಡುವುದು, ಎದುರಾಳಿ ಅದನ್ನು ತಿಂದು ಅರಗಿಸಿಕೊಳ್ಳುವಷ್ಟರಲ್ಲಿ ಒಂಬತ್ತನೆಯ ನಡೆಗೆ ರಾಜನ ಮುಂದಿನ ಕಾಲಾಳನ್ನು ಇನ್ನೊಂದು ಮನೆ ತಳ್ಳಿ ಅವನ ಕುದುರೆಯನ್ನು ಎಬ್ಬಿಸುವುದು. ಕುದುರೆಗೆ ಮುಂದೆ ಮೂರು ದಾರಿ. ಮೂರಕ್ಕೂ ಅವನ ಹಾಳೆಯಲ್ಲಿ ಉತ್ತರವಿತ್ತು: ಕಾಲಾಳು ಮತ್ತೊಂದು ಹೆಜ್ಜೆ ಹೋಗಿ ಪ್ರಾಣ ಬಿಡುತ್ತದೆ, ಓರೆಗೆರೆ ತೆರೆಯುತ್ತದೆ, ಮೂಲೆಯ ಆನೆ ಇಡೀ ಹಲಗೆ ದಾಟಿ ಕರಿಯ ರಾಜನ ಪಕ್ಕೆಗೆ ಬೀಳುತ್ತದೆ. ಹಾಳೆಯನ್ನು ಅವನು ಮೊದಲ ಹಲಗೆಯಲ್ಲಿ ಆಡುವ ದಂತವೈದ್ಯ ಲಬೀಬರಿಗೆ ಕೊಟ್ಟ. ಅವರು ಝಗಾಝೀಗಿನಲ್ಲಿ ಹತ್ತೊಂಬತ್ತು ನಡೆಗಳಲ್ಲಿ ಗೆದ್ದರು. ಚದುರಂಗ ಸಂಘದ ವಾರ್ತಾಪತ್ರದಲ್ಲಿ ಅದು 'ಲಬೀಬ್ ದಾಳಿ' ಎಂದು ಅಚ್ಚಾಯಿತು. ಆ ಸಂಜೆಯ ಊಟದಲ್ಲಿ ಯಾರೋ ಇದನ್ನು ಕಂಡುಹಿಡಿದದ್ದು ಹೇಗೆ ಎಂದು ಕೇಳಿದಾಗ ಲಬೀಬ್ ವಗೀಹನ ಹೆಗಲ ಮೇಲೆ ಕೈಹಾಕಿ, "ಇವನು ನೀರು ಕುದಿಸ್ತಾನೆ, ಚಹಾ ಮಾಡೋದು ನಾನು" ಎಂದರು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ವಗೀಹನೂ ನಕ್ಕ. ಎಲ್ಲರಿಗಿಂತ ಒಂದು ಗಳಿಗೆ ಮೊದಲೇ ನಕ್ಕ ಎಂಬುದು ಆಮೇಲೆ ಹಾಸಿಗೆಯಲ್ಲಿ ನೆನಪಾಯಿತು. ಆ ಒಂದು ಗಳಿಗೆ ಮಾತ್ರ ಆರು ತಿಂಗಳಿಂದ ಕರಗದೆ ತಳದಲ್ಲಿ ಕೂತಿತ್ತು.

ಈ ಸೋಮವಾರ ಪ್ರಯೋಗಾಲಯದಲ್ಲಿ ಅವನು ಏನನ್ನೂ ಹುಡುಕುತ್ತಿರಲಿಲ್ಲ. ಶುಕ್ರವಾರದ ಪಂದ್ಯಕ್ಕೆಂದು ಮೂರು ದಾರಿಗಳನ್ನೂ ಇನ್ನೊಮ್ಮೆ ಆಡಿ ನೋಡಿ, ಆಟವನ್ನು ಒಂಬತ್ತನೆಯ ನಡೆಗೆ ಮರಳಿಸಿ, ಹಲಗೆ ಮಡಿಸೋಣವೆಂದು ಕಾಯಿಗಳನ್ನು ಒಂದೊಂದಾಗಿ ಅವುಗಳ ಮೊದಲ ಜಾಗಕ್ಕೆ ಇಡುತ್ತಿದ್ದ. ಮೊದಲು ಎತ್ತಿಟ್ಟದ್ದು ಕರಿಯ ಕುದುರೆಯನ್ನು. ಅಷ್ಟರಲ್ಲಿ ಪಕ್ಕದ ಒಲೆಯ ಮೇಲಿನ ನೀರು ಉಕ್ಕಿತು. ಉರಿ ತಗ್ಗಿಸಿ ಮರಳಿ ಬಂದು ನೋಡಿದರೆ ಹಲಗೆಯ ಮೇಲೆ ಎಲ್ಲವೂ ಒಂಬತ್ತನೆಯ ನಡೆಯಲ್ಲೇ ನಿಂತಿತ್ತು, ಕುದುರೆಯೊಂದು ಮಾತ್ರ ತಾನು ಹೊರಟ ಮನೆಯಲ್ಲಿತ್ತು. ಅವನು ನಿಂತೇ ನೋಡಿದ. ಕುದುರೆ ಅಲ್ಲಿದ್ದರೆ ಬಿಳಿ ಕಾಲಾಳಿಗೆ ಎದುರಿಗೆ ಹೊಡೆಯಲು ಏನೂ ಇಲ್ಲ. ಅದು ತನ್ನದೇ ಆನೆಯ ದಾರಿಗೆ ಅಡ್ಡ ಕೂತ ಕಲ್ಲು. ಮೂರು ನಾಲ್ಕು ನಡೆಗಳಲ್ಲಿ ಸುತ್ತುವರಿದು ಅದೂ ಹೋಗುತ್ತದೆ, ಮೊದಲು ಕೊಟ್ಟದ್ದೂ ಹೋಗಿರುತ್ತದೆ. ಎರಡು ವರ್ಷದಲ್ಲಿ ಇದು ಏಕೆ ಕಾಣಲಿಲ್ಲ? ಯಾರಿಗೂ ಕಾಣುವುದಿಲ್ಲ. ಹೊರಟ ಕುದುರೆಯನ್ನು ಏನೂ ಮಾಡದೆ ಲಾಯಕ್ಕೆ ಕಟ್ಟುವುದನ್ನು ಆಡುವವನ ಕೈ ಒಪ್ಪುವುದಿಲ್ಲ. ಕಲಿಯುವ ಮೊದಲ ದಿನವೇ ಅದು ನಾಚಿಕೆಗೇಡು ಎಂದು ಹೇಳಿಕೊಟ್ಟಿರುತ್ತಾರೆ. ಊಟ ಬಿಟ್ಟು ಎರಡು ಗಂಟೆ ಕರಿಯರ ಕಡೆಯಿಂದಲೇ ಪರೀಕ್ಷಿಸಿದ. ಆಮೇಲೆ ಅಭ್ಯಾಸಬಲದಿಂದ, ಯಾವ ಮಾದರಿಗೂ ಹಾಕುವಂತೆ, ಹಸಿರು ರಟ್ಟಿನ ನೋಟುಪುಸ್ತಕದಲ್ಲಿ ಕಂಡ ದಿನವನ್ನೂ ಹೊತ್ತನ್ನೂ ಹಾಕಿ ಬರೆದ: ಸೋಮವಾರ, ಬೆಳಿಗ್ಗೆ 11.20. ಒಂಬತ್ತನೆಯ ನಡೆಗೆ ಉತ್ತರ, ಕುದುರೆ ಮನೆಗೆ. ಬಿಳಿಗೆ ಏನೂ ಇಲ್ಲ. ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು: ಯಾರಿಗೆ ಏನು ಹೊಳೆದರೂ ಅದೇ ಸಂಜೆ ಬೀರುವಿನಲ್ಲಿರುವ ದೊಡ್ಡ ಪುಸ್ತಕಕ್ಕೆ ನಕಲು ಮಾಡಬೇಕು. ವಗೀಹ್ ಸೋಮವಾರ ಸಂಜೆ ಕ್ಲಬ್ಬಿಗೆ ಹೋಗಲಿಲ್ಲ. ಇನ್ನೊಮ್ಮೆ ಪರೀಕ್ಷಿಸಬೇಕು ಎಂದುಕೊಂಡ. ಮಂಗಳವಾರವೂ ಅದನ್ನೇ ಅಂದುಕೊಂಡ. ಬುಧವಾರ ಲಬೀಬ್ ಚಿಕಿತ್ಸಾಲಯದಿಂದ ಫೋನು ಮಾಡಿದರು. ಹಿಂದೆ ಯಾರದೋ ಹಲ್ಲು ಕೊರೆಯುವ ಯಂತ್ರ ಕಿರುಗುಟ್ಟುತ್ತಿತ್ತು. "ಹಾಳೆ ಸರಿಯಾಗಿದೆ ತಾನೇ?" ಎಂದು ಕೇಳಿದರು. ಸರಿಯಾಗಿದೆ ಡಾಕ್ಟ್ರೇ, ಎಂದ. ಕೆಟ್ಟ ನೀರಿಗೆ ಒಳ್ಳೆಯದೆಂದು ಅವನು ಒಮ್ಮೆಯೂ ಸಹಿ ಹಾಕಿದವನಲ್ಲ.

ದುಮ್ಯಾತಿನ ಪೀಠೋಪಕರಣ ಕುಶಲಕರ್ಮಿಗಳ ಕ್ಲಬ್ಬು ವಾರ್ನಿಷಿನ ವಾಸನೆ ಹೊಡೆಯುತ್ತಿತ್ತು. ಆರು ಮೇಜು, ಹನ್ನೆರಡು ಕುರ್ಚಿ. ಒಂದೊಂದು ಕುರ್ಚಿಯ ಕೆತ್ತನೆಯೂ ಬೇರೆ ಬೇರೆ, ಕ್ಲಬ್ಬಿನ ಸದಸ್ಯರೇ ಮಾಡಿದವು. ಬಾಗಿಲಲ್ಲೇ ಹಾಜಿ ಮೆತ್ವಲ್ಲಿ ಎದುರು ತಂಡದವರನ್ನು ಕೆಣಕಿದರು: ಜಿಪುಣರೆಂದು ಹೆಸರಾದ ದುಮ್ಯಾತಿನವರ ಕೈಯಿಂದ ಒಂದು ಕಾಲಾಳು ಕೀಳಬೇಕಾದರೆ ಲಬೀಬರ ಇಕ್ಕಳವೇ ಬೇಕು. ಲಬೀಬರ ಎದುರು ಆಡಬೇಕಾದ ಉಸ್ತಾ ಬದೀರ್, ಅರವತ್ತು ದಾಟಿದ ಕೆತ್ತನೆಗಾರ, ಕುರ್ಚಿಯ ತೋಳನ್ನು ಸವರುತ್ತ ನಿಧಾನವಾಗಿ ಹೇಳಿದ: "ಕೊಟ್ಟದ್ದನ್ನ ತಗೋತೀವಿ ಹಾಜಿ. ಮರ್ಯಾದೆ ಗೊತ್ತಿರೋರು." ಅವನ ಉಗುರಿನ ಸುತ್ತ ಕಂದು ಬಣ್ಣ ಕಚ್ಚಿಕೊಂಡಿತ್ತು. ಹತ್ತೂವರೆಗೆ ಗಡಿಯಾರಗಳು ನಡೆಯತೊಡಗಿದವು. ವಗೀಹನದು ನಾಲ್ಕನೆಯ ಹಲಗೆ, ಎದುರಿಗೆ ಬಂದರು ಕಚೇರಿಯ ಗುಮಾಸ್ತ, ಒಂದು ಕೈಯಲ್ಲಿ ಜಪಮಾಲೆ ತಿರುಗಿಸುತ್ತಲೇ ಇರುವವನು. ಮಣಿಗಳ ಚಿಟಿಚಿಟಿ ವಗೀಹನ ಹಲ್ಲಿನ ಬೇರಿಗೆ ತಾಗುತ್ತಿತ್ತು. ಮೂರು ನಡೆ ಆಡಿ ಎದ್ದ. ಮೊದಲ ಹಲಗೆಯ ಬಳಿ ಹೋಗಿ ಲಬೀಬರ ಹೆಗಲ ಮೇಲಿಂದ ನೋಡಿದ: ಆನೆ ಓರೆಗೆರೆಯ ಮೇಲೆ ಕೂತಿತ್ತು. ಮರಳಿ ಬಂದು ಕೂತ, ಮತ್ತೆ ಎದ್ದ. ಲಬೀಬ್ ಕಾಲಾಳು ಕೊಟ್ಟಿದ್ದರು, ಬದೀರ್ ತಿಂದಿದ್ದ. ಬೇರೆ ದಾರಿ ಹಿಡಿಯಲು ಲಬೀಬರಿಗೆ ಆರನೆಯ ನಡೆಯಲ್ಲಿ ಒಂದು ಅವಕಾಶವಿತ್ತು, ಏಳನೆಯದರಲ್ಲಿ ಇನ್ನೊಂದು. ಅವರು ಹಾಳೆಯನ್ನು ಕಣ್ಣು ಮುಚ್ಚಿ ಓದುವವರಂತೆ ಒಂದಾದ ಮೇಲೊಂದು ಆಡುತ್ತಿದ್ದರು, ಒಂದೊಂದಕ್ಕೂ ಅರ್ಧ ನಿಮಿಷ ಕೂಡ ತೆಗೆದುಕೊಳ್ಳದೆ. ಇಷ್ಟು ನಂಬಿಕೆಯನ್ನು ವಗೀಹನ ಹೆಂಡತಿ ಕೂಡ ಅವನ ಮೇಲೆ ಇಟ್ಟಿರಲಿಲ್ಲ.

ಹನ್ನೆರಡಕ್ಕೆ ಇನ್ನೂ ಕೆಲವು ನಿಮಿಷವಿದ್ದಾಗ ಲಬೀಬ್ ಒಂಬತ್ತನೆಯ ನಡೆ ಆಡಿದರು. ಕಾಲಾಳನ್ನು ಮುಂದಕ್ಕೆ ತಳ್ಳಿ, ಗಡಿಯಾರ ಒತ್ತಿ, ತಲೆಯೆತ್ತಿ ವಗೀಹನನ್ನು ಹುಡುಕಿ ಕಣ್ಣು ಮಿಟುಕಿಸಿದರು. ಬದೀರ್ ಮುಂದೆ ಬಾಗಿದ. ಅಷ್ಟರಲ್ಲಿ ಬೀದಿಯಾಚೆಯ ಮಸೀದಿಯಿಂದ ಬಾಂಗು ಎದ್ದಿತು. ಶುಕ್ರವಾರದ ಪಂದ್ಯಗಳಲ್ಲಿ ಆಗ ಆರೂ ಗಡಿಯಾರಗಳನ್ನು ನಿಲ್ಲಿಸಿ, ಹಲಗೆಗಳ ಮೇಲೆ ಬಟ್ಟೆ ಹೊದಿಸಿ, ಎರಡು ತಂಡದವರೂ ಒಟ್ಟಿಗೆ ನಮಾಜಿಗೆ ಹೋಗುವುದು ವಾಡಿಕೆ. ಸಾಲಿನಲ್ಲಿ ವಗೀಹನ ಎಡಕ್ಕೆ ಬದೀರ್ ನಿಂತ. ಹೆಗಲಿಗೆ ಹೆಗಲು ತಾಗಿತು, ಮರದ ಹುಡಿಯ ವಾಸನೆ ಬಂತು. ಹಣೆ ನೆಲಕ್ಕೆ ಊರಿದಾಗ ವಗೀಹನ ಮುಚ್ಚಿದ ಕಣ್ಣಿನೊಳಗೆ ಕಾಣಿಸಿದ್ದು ಒಂದು ಖಾಲಿ ಮನೆ. ಅದನ್ನು ಅಳಿಸಲು ಯತ್ನಿಸಿದ. ಅದರಲ್ಲಿ ಕುದುರೆ ಬಂದು ನಿಂತಿತು. ಪಕ್ಕದಲ್ಲಿ ಬಾಗಿರುವ ಈ ಮುದುಕನಿಗೂ ಇದೇ ಕಾಣುತ್ತಿದೆಯೋ ಏನೋ ಅನ್ನಿಸಿ, ತನ್ನ ತಲೆಯಿಂದ ಅವನ ತಲೆಗೆ ಅದು ಸೋರಿಹೋಗದಂತೆ ಯೋಚನೆಯನ್ನೇ ಬಿಗಿಹಿಡಿದ. ಹೊರಗೆ ಚಪ್ಪಲಿ ಕಪಾಟಿನ ಮುಂದೆ ಗುಂಪು ಕರಗುವವರೆಗೆ ಲಬೀಬ್ ಅವನಿಗಾಗಿ ಕಾದಿದ್ದರು. ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದಕ್ಕೆ ಅವನ ಹೆಗಲನ್ನು ಆಸರೆ ಹಿಡಿದರು. ಕತ್ತು ಈಗ ಅವನ ಬಾಯಿಯ ಹತ್ತಿರವೇ ಇತ್ತು.

"ಮುದುಕ ಎಲ್ಲಿಗೆ ಹಾರಿದ್ರೂ ನಿನ್ನ ಹಾಳೇಲಿದೆ," ಎಂದರು. ಆಮೇಲೆ, ಬೂಟಿನ ದಾರ ನೋಡುತ್ತಲೇ, ದನಿ ತಗ್ಗಿಸಿ: "ಝಗಾಝೀಗಲ್ಲಿ ಆ ಚಹಾದ ಮಾತು ಆಡಬಾರದಿತ್ತು ವಗೀಹ್. ನನ್ನ ಹೆಂಡತಿ ಆವತ್ತೇ ಬೈದಳು. ಈ ಸಲ ವಾರ್ತಾಪತ್ರದಲ್ಲಿ ನಿನ್ನ ಹೆಸರು ಹಾಕಿಸ್ತೀನಿ. ನಿನ್ನದು ಮಾತ್ರ."

ವಗೀಹ್ ಬಾಯಿ ತೆರೆದ. ಈಗ ಹೇಳಿದರೂ ಏನೂ ಬದಲಾಗುವುದಿಲ್ಲ, ಕಾಲಾಳು ಹೋಗಿಯಾಗಿದೆ, ಅದನ್ನು ಹಿಂದಕ್ಕೆ ಎಳೆಯುವಂತಿಲ್ಲ. ಆದರೂ ಮುಂದೇನು ಬರಬಹುದೆಂದು ಗೊತ್ತಿದ್ದರೆ ಮನುಷ್ಯ ಸಿದ್ಧನಾಗಿರುತ್ತಾನೆ. ಆಗ ಅವನಿಗೆ ನಿಯಮ ನೆನಪಾಯಿತು: ಆಟ ನಡೆಯುತ್ತಿರುವಾಗ ಆಟಗಾರನಿಗೆ ಯಾರೂ ಏನೂ ಹೇಳಕೂಡದು, ಗಡಿಯಾರ ನಿಂತಿದ್ದರೂ ಆಟ ನಡೆಯುತ್ತಿದೆ ಎಂದೇ ಲೆಕ್ಕ. ಆ ನಿಯಮ ತಣ್ಣನೆಯ ನೀರಿನಂತೆ ಒಳಗಿಳಿಯಿತು. ನಾಲ್ಕು ದಿನ ಹೇಳಬಹುದಾಗಿದ್ದಾಗ ಹೇಳದವನಿಗೆ ಈಗ ಹೇಳದಿರಲು ಕಾನೂನೇ ಇತ್ತು. "ಹೊತ್ತಾಯ್ತು ಡಾಕ್ಟ್ರೇ," ಎಂದಷ್ಟೇ ಹೇಳಿದ. ಅವರು ದಾರ ಕಟ್ಟಿ ಎದ್ದರು.

ಬಟ್ಟೆ ತೆಗೆದು ಗಡಿಯಾರ ನಡೆಸಿದ ಮೇಲೆ ಬದೀರ್ ಮುಕ್ಕಾಲು ಗಂಟೆ ಅಲುಗಲಿಲ್ಲ. ವಗೀಹನ ಎದುರಿನ ಗುಮಾಸ್ತ ಏನೋ ಆಡಿದ, ವಗೀಹ್ ಏನೋ ಉತ್ತರ ಕೊಟ್ಟ. ಯಾವ ಕಾಯಿ ಎತ್ತಿದೆ ಎಂಬುದು ಕೈಗೆ ಗೊತ್ತಿತ್ತೇ ಹೊರತು ಅವನಿಗಲ್ಲ. ಮತ್ತೆ ಎದ್ದು ಹೋಗಿ ಮೊದಲ ಹಲಗೆಯ ಪಕ್ಕದಲ್ಲಿ ಕೈಕಟ್ಟಿ ನಿಂತ. ಬದೀರನ ಬೆರಳು ಕುದುರೆಯ ಮೇಲೆ ಹೋಗಿ, ಮುಟ್ಟದೆ, ಹಿಂದೆ ಬಂತು. ಮಧ್ಯದ ಮನೆಗೆ ಹಾರು, ಎಂದು ವಗೀಹ್ ಒಳಗೇ ಬೇಡಿಕೊಂಡ. ಮಧ್ಯದ್ದು ಎಲ್ಲಕ್ಕಿಂತ ಸಹಜ, ನೂರಕ್ಕೆ ಎಂಬತ್ತು ಜನ ಅದನ್ನೇ ಆಡುತ್ತಾರೆ. ಹಾರಿದರೆ ಲಬೀಬ್ ಗೆಲ್ಲುತ್ತಾರೆ, ಪತ್ರದಲ್ಲಿ ಹೆಸರು ಬರುತ್ತದೆ, ಸೋಮವಾರ ಎಂಬುದು ಯಾರಿಗೂ ಬೇಡವಾದ ದಿನವಾಗಿ ಹೋಗುತ್ತದೆ. ಅದೇ ಹೊತ್ತಿಗೆ ಅದರ ಅಡಿಯಲ್ಲಿ ಇನ್ನೊಂದು ಆಸೆ ಬಾಲ ಅಲ್ಲಾಡಿಸಿತು: ಆಡಲಿ, ಒಮ್ಮೆ ಆಡಲಿ, ನಾನು ಕಂಡದ್ದು ನಿಜವೋ ಸುಳ್ಳೋ ಹಲಗೆಯ ಮೇಲೆ ನೋಡಿಬಿಡೋಣ. ಪ್ರಯೋಗ ನಡೆಸುವವನ ಕುತೂಹಲ ಇದು, ದ್ವೇಷವಲ್ಲ, ಎಂದುಕೊಂಡ; ಅಂದುಕೊಂಡದ್ದು ಅವನಿಗೇ ಸುಳ್ಳೆನಿಸಿತು. ಆಗ ಬದೀರ್ ಕತ್ತು ನೋವಾಯಿತೆಂಬಂತೆ ತಲೆಯೆತ್ತಿದ. ನೇರ ವಗೀಹನ ಮುಖ ನೋಡಿದ. ಒಂದು ಉಸಿರಿನಷ್ಟು ಹೊತ್ತು. ಮರದ ದಿಮ್ಮಿಯಲ್ಲಿ ಎಳೆ ಎತ್ತ ಓಡುತ್ತಿದೆ ಎಂದು ಗುರುತಿಸುವವನ ಹಾಗೆ ಆ ಮುಖದಿಂದ ಕಣ್ಣಿಗೆ, ಕಣ್ಣಿನಿಂದ ಕೆಳಗೆ ಹಲಗೆಗೆ ಅವನ ನೋಟ ಇಳಿದು ಬಂದಾಗ, ವಗೀಹನಿಗೆ ತಿಳಿಯಿತು, ತಾನು ಬಂದು ನಿಂತಾಗಿನಿಂದ ನೋಡುತ್ತಿದ್ದದ್ದು ಕುದುರೆಯನ್ನಲ್ಲ, ಕಾಲಾಳನ್ನಲ್ಲ. ಕರಿಯರ ಕೊನೆಯ ಸಾಲಿನ ಆ ಖಾಲಿ ಮನೆಯನ್ನು. ಸಟ್ಟನೆ ಬೇರೆಡೆಗೆ ನೋಡಿದ. ಹಾಗೆ ನೋಡಿದ್ದೇ ತಪ್ಪಾಯಿತು.

ಬದೀರ್ ಕುದುರೆಯನ್ನೆತ್ತಿ ಅದು ಹೊರಟ ಮನೆಯಲ್ಲಿಟ್ಟ, ಮೊಳೆ ಹೊಡೆದ ಹಾಗೆ ಸ್ವಲ್ಪ ಒತ್ತಿ. ಮೂರನೆಯ ಹಲಗೆಯವನು ಇಣುಕಿ ನೋಡಿ ಮೂಗಿನಲ್ಲೇ ನಕ್ಕ. ಲಬೀಬರೂ ಮೊದಲು ನಕ್ಕರು. ಆಮೇಲೆ ಅವರ ಮುಂದಕ್ಕೆ ಚಾಚಿದ ಕೈ ಗಾಳಿಯಲ್ಲೇ ನಿಂತಿತು, ಏಕೆಂದರೆ ಆಡಬೇಕಾದ ನಡೆ ಹಾಳೆಯಲ್ಲಿರಲಿಲ್ಲ. ಇಪ್ಪತ್ತು ನಿಮಿಷ, ಇಪ್ಪತ್ತೈದು. ಅವರ ಕಿವಿಗಳು ಕೆಂಪಾದವು. ಒಮ್ಮೆ ತಲೆಯೆತ್ತಿ ಅವನನ್ನು ಹುಡುಕಿದರು. ಆ ನೋಟದಲ್ಲಿ ಅನುಮಾನವಿರಲಿಲ್ಲ, ದಾರಿ ತಪ್ಪಿದವನು ಜೊತೆಗಾರನನ್ನು ನೋಡುವಂತೆ ನೋಡಿದರು. ವಗೀಹ್ ತನ್ನ ಮೇಜಿಗೆ ಹೋಗಿ ಕೂತ. ಗುಮಾಸ್ತ ಸಮ ಮಾಡಿಕೊಳ್ಳೋಣವೇ ಎಂದದ್ದಕ್ಕೆ ಹಲಗೆ ನೋಡದೆ ಕೈ ಚಾಚಿದ. ಎದ್ದು ನೋಡಿದ ಮೇಲೆ ತಿಳಿಯಿತು, ತಾನು ಗೆಲ್ಲುವ ಸ್ಥಿತಿಯಲ್ಲಿದ್ದೆ ಎಂದು. ಮೂವತ್ತೊಂದನೆಯ ನಡೆಗೆ ಲಬೀಬ್ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿದರು. ಒಂದು ಅಂಕದಿಂದ ಮನ್ಸೂರಾ ಸೋತಿತು. ಹಾಜಿ ಮೆತ್ವಲ್ಲಿ ಯಾರನ್ನೂ ಬೈಯದೆ ಗಡಿಯಾರಗಳನ್ನು ಎಣಿಸಿ ಚೀಲಕ್ಕೆ ತುಂಬಿಕೊಂಡರು.

ಚಹಾ ಬಂತು, ಸಣ್ಣ ಗಾಜಿನ ಲೋಟಗಳಲ್ಲಿ, ಕಪ್ಪಗೆ. ಕಿಟಕಿಯ ಬಳಿ ಒಬ್ಬನೇ ನಿಂತಿದ್ದ ವಗೀಹನ ಪಕ್ಕಕ್ಕೆ ಬದೀರ್ ಬಂದ. ಗೆದ್ದವನ ಗತ್ತು ಅವನಲ್ಲಿರಲಿಲ್ಲ. ಏನನ್ನೋ ತಪ್ಪು ಅಳತೆಗೆ ಕತ್ತರಿಸಿದವನ ಹಾಗಿದ್ದ.

"ನಾನು ಮಧ್ಯಕ್ಕೆ ಹಾರಿಸ್ತಿದ್ದೆ ಸಾಹೇಬ್ರೇ," ಎಂದ. "ಕೈ ಎತ್ತಿದ್ದೆ. ಆಮೇಲೆ ನಿಮ್ಮ ಕಣ್ಣು ಎಲ್ಲಿದೆ ನೋಡ್ದೆ."

ವಗೀಹ್ ಲೋಟ ನೋಡಿದ.

"ಡಾಕ್ಟರಿಗೆ ನಾನು ಹೇಳಲ್ಲ. ನನ್ನ ಗೆಲುವಿಗೂ ಅದು ಮರ್ಯಾದೆ ಅಲ್ಲ." ಅವನು ಸಕ್ಕರೆ ಕದಡಿ ಹೋದ.

ನದಿ ಈಗ ಬಲಕ್ಕಿತ್ತು, ಸಂಜೆಯ ಬಿಸಿಲು ಆ ಕಡೆಯಿಂದ ಬಸ್ಸಿನೊಳಗೆ ಬೀಳುತ್ತಿತ್ತು. ಬೆಳಿಗ್ಗೆ ತಮ್ಮ ಹಿಂದೆ ಕೂತಿದ್ದ ವಗೀಹನ ಪಕ್ಕಕ್ಕೇ ಈಗ ಲಬೀಬ್ ಬಂದು ಕೂತರು. ಕಲ್ಲಂಗಡಿ ಬೀಜದ ಪೊಟ್ಟಣ ಮುಗಿದಿತ್ತು. ಅದನ್ನು ಮಡಿಸಿ ಮಡಿಸಿ ಉಗುರಿನಷ್ಟು ಮಾಡಿದರು. ನೊಂದುಕೋಬೇಡ, ಎಂದು ಅವರೇ ಸಮಾಧಾನ ಹೇಳತೊಡಗಿದರು. ಎರಡು ವರ್ಷ ನೋಡಿದ ನಿನಗೇ ಕಾಣಲಿಲ್ಲ, ಆರು ತಿಂಗಳು ಆಡಿದ ನನಗೂ ಕಾಣಲಿಲ್ಲ, ಹಿಂದಕ್ಕೆ ಹೋಗೋ ನಡೆ ಯಾವನ ಕಣ್ಣಿಗೆ ಬೀಳುತ್ತೆ, ಆ ಮುದುಕ ದೊಡ್ಡವನು. ಒಂದೊಂದು ಮಾತೂ ಮೆತ್ತಗೆ ಬಂದು ಬೀಳುತ್ತಿತ್ತು. ವಗೀಹ್ ಸುಮ್ಮನಿದ್ದರೆ ಸಾಕಾಗಿತ್ತು. ಬದೀರ್ ಬಾಯಿ ಬಿಡುವುದಿಲ್ಲ. ನಾಳೆ ಹೋಗಿ ಬೀರುವಿನ ಪುಸ್ತಕಕ್ಕೆ ಇವತ್ತಿನ ತಾರೀಖು ಹಾಕಿ ನಕಲು ಮಾಡಿದರೆ ಆಯಿತು. ಹಸಿರು ನೋಟುಪುಸ್ತಕದ ಒಂದು ಹಾಳೆ ಹರಿದರೆ ಹಿಂದಿನ ಜೋಡಿ ಹಾಳೆಯೂ ಸಡಿಲವಾಗುತ್ತದೆ, ಎರಡನ್ನೂ ಕಿತ್ತುಬಿಡಬಹುದು. ಅವನ ತಲೆ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು.

"ನಿನ್ನ ಪುಸ್ತಕ ಕೊಡು," ಎಂದರು ಲಬೀಬ್, ಜೇಬಿನಿಂದ ಪೆನ್ಸಿಲು ತೆಗೆಯುತ್ತ. "ಮರೆಯೋಕ್ಮುಂಚೆ ಆ ಕುದುರೆ ನಡೆ ಬರೆದಿಡೋಣ."

ಪುಸ್ತಕ ಚೀಲದಲ್ಲಿದೆ, ಚೀಲ ಮೇಲಿದೆ, ಮನ್ಸೂರಾದಲ್ಲಿ ಕೊಡುತ್ತೇನೆ. ಮೂರೂ ಉತ್ತರಗಳು ನಾಲಿಗೆಯ ತುದಿಗೆ ಬಂದು ನಿಂತವು, ಮೂರೂ ಮುಂದಕ್ಕೇ ಹಾರುವಂಥವು. ವಗೀಹ್ ಕಾಲ ಬಳಿಯಿದ್ದ ಚೀಲಕ್ಕೆ ಬಾಗಿದ. ಬಾಗಿದಾಗ ಮಸೀದಿಯ ಚಾಪೆಯ ಗೆರೆಗಳು ಹಣೆಗೆ ಮತ್ತೆ ತಾಗಿದಂತಾಯಿತು. ಪುಸ್ತಕ ತೆಗೆದ. ಪುಟವನ್ನೂ ತಾನೇ ಬಿಡಿಸಿ ಅವರ ತೊಡೆಯ ಮೇಲಿಟ್ಟ.

ಲಬೀಬ್ ಕನ್ನಡಕ ಹಣೆಗೇರಿಸಿ, ರೋಗಿಯ ಚೀಟಿ ಓದುವವರಂತೆ ತುಟಿಯಲ್ಲೇ ಓದಿದರು. ಮತ್ತೊಮ್ಮೆ ಓದಿದರು. ಮುಂದಿನ ಸೀಟಿನಲ್ಲಿ ಹಾಜಿ ಮೆತ್ವಲ್ಲಿ ಗೊರಕೆ ಹೊಡೆಯುತ್ತಿದ್ದರು, ತೊಡೆಯ ಮೇಲಿನ ಚೀಲದಲ್ಲಿ ನಿಲ್ಲಿಸಲು ಮರೆತ ಯಾವುದೋ ಗಡಿಯಾರ ನಡೆಯುತ್ತಿತ್ತು.

"ಸೋಮವಾರ," ಎಂದರು.

"ಹೌದು."

"ನಾನು ಕೇಳಿದ್ದು ಬುಧವಾರ."

"ಹೌದು ಡಾಕ್ಟ್ರೇ. ಕೇಳಿದ್ರಿ."

ಅವರು ಕಿಟಕಿಯ ಕಡೆ ತಿರುಗಲಿಲ್ಲ, ಎದ್ದು ಬೇರೆ ಸೀಟಿಗೂ ಹೋಗಲಿಲ್ಲ. ಕತ್ತಿನ ಹಿಂದೆ ಕೈ ಹಾಕಿ, ಕ್ಷೌರಿಕ ಬಿಟ್ಟಿದ್ದ ಆ ಕೂದಲನ್ನು ಮೊದಲ ಸಲ ಪತ್ತೆಹಚ್ಚಿದವರಂತೆ ಬೆರಳಿನಿಂದ ಉಜ್ಜಿದರು. ಆಮೇಲೆ, ಕೋಪವೇ ಇಲ್ಲದ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಕೇಳಿದರು: "ಕುದುರೆ ಮನೆಗೆ ಹೋದ್ಮೇಲೆ ನಾನೇನು ಆಡಬೇಕಿತ್ತು? ಅದನ್ನೂ ನೋಡಿರ್ತೀಯಲ್ಲ."

ವಗೀಹ್ ಪುಟ ನೋಡಿದ. 'ಬಿಳಿಗೆ ಏನೂ ಇಲ್ಲ' ಎಂಬ ಮಾತಿನ ಕೆಳಗೆ ಅರ್ಧ ಪುಟ ಖಾಲಿಯಿತ್ತು. ಸೋಮವಾರ ಇತ್ತು, ಮಂಗಳವಾರ ಇತ್ತು, ಬುಧವಾರ, ಗುರುವಾರ. ನೀರು ದಿನವೂ ಕುದಿದಿತ್ತು, ಹಲಗೆ ಜೇಬಿನಲ್ಲೇ ಇತ್ತು. ಆ ನಾಲ್ಕು ದಿನದಲ್ಲಿ ಒಂದು ಸಲವೂ ಅವನು ಹಲಗೆಯನ್ನು ಬಿಳಿಯರ ಕಡೆಗೆ ತಿರುಗಿಸಿಕೊಂಡು ಕೂತಿರಲಿಲ್ಲ.

"ನೋಡಿಲ್ಲ," ಎಂದ.

ಲಬೀಬ್ ತಲೆಯಾಡಿಸಿದರು. ಪೆನ್ಸಿಲನ್ನು ಆ ಖಾಲಿ ಅರ್ಧದ ಮೇಲೆ ಅಡ್ಡಲಾಗಿಟ್ಟು, ಪುಸ್ತಕವನ್ನು ತೆರೆದೇ ಅವನ ತೊಡೆಗೆ ಸರಿಸಿದರು. ಬಸ್ಸು ಕುಲುಕಿದಾಗ ಪೆನ್ಸಿಲು ಉರುಳತೊಡಗಿತು. ವಗೀಹ್ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮನ್ಸೂರಾದ ನೀರಿನ ಗೋಪುರ ಕಾಣುವವರೆಗೆ ಹಾಗೆಯೇ ಕುಳಿತ.